ಟೆಲಿ ಮಾನಸ್ 14416: ಸಿಸ್ಟರ್‌ಗಳ ಮೊಬೈಲಿನಲ್ಲಿ ಇರಲೇಬೇಕಾದ ನಂಬರ್

ಕೋಲಾರದಲ್ಲಿ ಆಸ್ಪತ್ರೆ ಕೆಲಸ ಮಾಡೋ ಸಿಸ್ಟರ್‌ಗಳೆಲ್ಲ ಓದಲಿ ಅಂತ ಇದನ್ನ ಬರೀತಿದ್ದೀನಿ. ಟೆಲಿ ಮಾನಸ್ ಕೇಂದ್ರ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. 2022ರ ಅಕ್ಟೋಬರ್ 10ರಂದು ಶುರುವಾಯ್ತು, ನಿಮ್ಹಾನ್ಸ್‌ನವರ ಮಾರ್ಗದರ್ಶನ ಇದೆ. 14416ಕ್ಕೆ ಫೋನ್ ಮಾಡಿದರೆ ದುಡ್ಡಿಲ್ಲ, ದಿನದ 24 ಗಂಟೆಯೂ ಇರುತ್ತೆ. ಮುಳಬಾಗಿಲು, ಶ್ರೀನಿವಾಸಪುರ ಕಡೆ ಹುಡುಗಿಯರಿಗೆ ಮನೆಮಾತು ತೆಲುಗು; ಕನ್ನಡದ ಹಾಗೆ ಅದರಲ್ಲೂ ಮಾತಾಡಬಹುದು.

ಸಾಯೋ ಯೋಚನೆ ಬಂದವರಿಗೆ ಮಾತ್ರ ಇದು ಅಂತ ನಮ್ಮ ಹಾಸ್ಟೆಲ್ಲಿನಲ್ಲಿ ಸುಮಾರು ಜನ ತಿಳ್ಕೊಂಡಿದ್ದಾರೆ. ಹಾಗಲ್ಲ. ನಾನು ಫೋನ್ ಮಾಡಿದ್ದು ಇನ್‌ಚಾರ್ಜ್ ಸಿಸ್ಟರ್ ಬೈಗುಳದ ವಿಷಯಕ್ಕೆ. ಅವರು ಬೈತಿದ್ದಿದ್ದು ವಾರ್ಡಿನ ಮಧ್ಯೆ, ಪೇಷೆಂಟ್ ಕಡೆಯವರೆಲ್ಲ ನೋಡ್ತಿರುವಾಗ. ಬೆಳಗ್ಗೆ ಮುಂದಿನ ಪಾಳಿಯವರಿಗೆ ವಾರ್ಡ್ ಒಪ್ಪಿಸೋ (ಹ್ಯಾಂಡೋವರ್) ಹೊತ್ತಿಗೆ, ರೋಗಿ ಎಷ್ಟು ಕುಡಿದ್ರು, ಎಷ್ಟು ಮೂತ್ರ ಹೋಯ್ತು ಅಂತ ಬರೆಯೋ ಇನ್‌ಟೇಕ್-ಔಟ್‌ಪುಟ್ ಚಾರ್ಟಿನಲ್ಲಿ ಒಂದು ಕಡೆ ಖಾಲಿ ಇದ್ದರೆ ಸಾಕು, "ನಿನಗೆಲ್ಲ ಯಾರಮ್ಮ ಸರ್ಟಿಫಿಕೇಟ್ ಕೊಟ್ಟಿದ್ದು?" ಅಂತ ಶುರು. ಹಾಗೆ ಬೈಸಿಕೊಂಡ ಒಂದು ದಿನ ಡ್ರಿಪ್ ಕೊಡೋಕೆ ಕೈಯ ನರಕ್ಕೆ ಸಣ್ಣ ಕೊಳವೆ (ಕ್ಯಾನುಲಾ) ಹಾಕೋಕೆ ಹೋದರೆ, ಬೆಡ್ ಮೇಲಿದ್ದ ಅಜ್ಜಿ ಕೈ ಹಿಂದಕ್ಕೆ ಎಳ್ಕೊಂಡು "ದೊಡ್ಡ ಸಿಸ್ಟರ್‌ನ ಕರಿಯಮ್ಮ" ಅಂದುಬಿಟ್ರು. ಬೈಗುಳಕ್ಕಿಂತ ಅದು ಜಾಸ್ತಿ ನೋವಾಯ್ತು. ಡ್ಯೂಟಿಗೆ ಹೊರಡೋ ಹೊತ್ತಾದರೆ ಹೊಟ್ಟೆ ತೊಳಸೋದು, ನೈಟ್ ಮುಗಿಸಿ ಬಂದರೂ ನಿದ್ದೆ ಹತ್ತುತ್ತಿರಲಿಲ್ಲ.

ಫೋನಿನಲ್ಲಿ ಸಿಕ್ಕ ಕೌನ್ಸೆಲರ್ ಮೊದಲು ಕೇಳಿದ್ದು ನಿದ್ದೆ, ಊಟದ ಬಗ್ಗೆ. ನಿಮಗೆ ನೀವೇ ಏನಾದರೂ ಮಾಡ್ಕೋಬೇಕು ಅನ್ಸುತ್ತಾ ಅಂತಲೂ ನೇರವಾಗಿ ಕೇಳಿದರು, ಮುಜುಗರ ಆಗದ ಹಾಗೆ. ನಾನು ಅತ್ತಾಗ ಅವಸರ ಮಾಡಲಿಲ್ಲ. "ಅಡ್ಜಸ್ಟ್ ಮಾಡ್ಕೊಳಿ" ಅಂತ ಒಂದು ಸಲವೂ ಹೇಳಲಿಲ್ಲ. ಅದಕ್ಕೇ ಅವರ ಮೇಲೆ ನಂಬಿಕೆ ಬಂತು. ಆಮೇಲೆ, ಇನ್‌ಚಾರ್ಜ್ ಬೈದಿದ್ದರಲ್ಲಿ ಕೆಲಸದ ಮಾತು ಎಷ್ಟು, ಚುಚ್ಚಿದ್ದು ಎಷ್ಟು ಅಂತ ನನ್ನ ಬಾಯಿಂದಲೇ ಬೇರೆ ಮಾಡಿಸಿದರು. ಇನ್‌ಚಾರ್ಜ್‌ಗೆ ಹೇಳಬೇಕಾದ್ದನ್ನ ಫೋನಿನಲ್ಲೇ ಹೇಳಿಸಿ ನೋಡಿದರು: "ಸಿಸ್ಟರ್, ತಪ್ಪು ಕಂಡರೆ ನರ್ಸಿಂಗ್ ಸ್ಟೇಷನ್ ಒಳಗೆ ಕರೆದು ಹೇಳಿ, ತಿದ್ಕೊಳ್ತೀನಿ. ಎಲ್ಲರ ಮುಂದೆ ಬೈದರೆ ಪೇಷೆಂಟ್ ನನ್ನ ನಂಬಲ್ಲ."

ಅದನ್ನ ಇನ್‌ಚಾರ್ಜ್‌ಗೆ ಹೇಳಿದೆ, ಅವರ ಟೀ ಹೊತ್ತಲ್ಲಿ, ಒಬ್ಬರೇ ಇದ್ದಾಗ. ಏನೂ ಮಾತಾಡಲಿಲ್ಲ. ಆದರೆ ಈಗ ಬೈಯೋದಿದ್ದರೆ ಒಳಗೆ ಕರೀತಾರೆ. ಗಂಟಲು ಜೋರೇ ಇದೆ, ವಾರ್ಡಿಗೆ ಮಾತ್ರ ಕೇಳಲ್ಲ.

ಫೋನಿನಿಂದ ಆಗದ ಕೆಲಸವೂ ಇದೆ. ಸಾಮಾನ್ಯ ಆಸ್ಪತ್ರೆಯ ವಾರ್ಡಿಗೆ 5 ರೋಗಿಗೆ ಒಬ್ಬ ನರ್ಸ್ ಬೇಕು ಅನ್ನೋದು ಭಾರತೀಯ ನರ್ಸಿಂಗ್ ಕೌನ್ಸಿಲ್ ಲೆಕ್ಕ. ಒಬ್ಬಳ ಮೇಲೆ ಇಡೀ ವಾರ್ಡ್ ಬಿಟ್ಟರೆ ಯಾವ ಕೌನ್ಸೆಲಿಂಗೂ ಆ ಸುಸ್ತು ಇಳಿಸಲ್ಲ. ಡಬಲ್ ಡ್ಯೂಟಿ ಮಾಡೋ ಇನ್‌ಚಾರ್ಜ್‌ಗೂ ಅದೇ ಪಾಡು. ರೋಸ್ಟರ್ (ಡ್ಯೂಟಿ ಪಟ್ಟಿ) ವಿಷಯ ಮ್ಯಾನೇಜ್‌ಮೆಂಟ್ ಮುಂದೆಯೇ ಇಡಬೇಕು, ಸಾಧ್ಯವಾದರೆ ನಾಲ್ಕು ಜನ ಸೇರಿ. ಯಾರಾದರೂ ಮೈಕೈ ಮುಟ್ಟೋದು, ಅಸಹ್ಯ ಮಾತಾಡೋದು ಮಾಡಿದ್ದರೆ ಫೋನ್ ಮಾಡಿ ಸುಮ್ಮನಾಗಬೇಡಿ. 10 ಅಥವಾ ಹೆಚ್ಚು ಜನ ಕೆಲಸ ಮಾಡೋ ಕಡೆ ಇಂಥ ಲೈಂಗಿಕ ಕಿರುಕುಳದ ದೂರು ಕೇಳೋ ಆಂತರಿಕ ಸಮಿತಿ ಇರಲೇಬೇಕು ಅಂತ 2013ರ ಕಾನೂನಿದೆ. ಘಟನೆ ಆದ 3 ತಿಂಗಳೊಳಗೆ ಆ ಸಮಿತಿಗೆ ದೂರು ಬರೆದು ಕೊಡಿ.

ಡಾಕ್ಟರೇ ನೋಡಬೇಕು ಅನ್ನಿಸಿದರೆ ಸಹಾಯವಾಣಿಯವರೇ ಮನೋವೈದ್ಯರಿಗೆ ಅಥವಾ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರಿಗೆ ದಾರಿ ಮಾಡಿಕೊಡ್ತಾರೆ. ಕಾಲ್ ಮಾತ್ರ ಡ್ಯೂಟಿ ರೂಮಿನಿಂದ ಮಾಡಬೇಡಿ. ನಿಮ್ಮ ಸ್ವಂತ ರೂಮಿಗೆ ಹೋಗಿ, ಏನಾದರೂ ತಿಂದು, ಬಾಗಿಲು ಹಾಕ್ಕೊಂಡು ಮಾಡಿ.