ಕೌಲ್‌ಬಜಾರಿನ ಬೋರ್ಡಿಲ್ಲದ ಅಂಗಡಿ ಮತ್ತು ನಾನು ಕೊಂಡ ಐದು ಜೀನ್ಸ್ ಪ್ಯಾಂಟು

ಬಳ್ಳಾರಿಯ ಕೌಲ್‌ಬಜಾರಿನಲ್ಲಿ ಒಂದೂವರೆ ವರ್ಷದಿಂದ ನಾನು ಜೀನ್ಸ್ ಪ್ಯಾಂಟು ಕೊಳ್ಳುತ್ತಿರುವ ಅಂಗಡಿಗೆ ಬೋರ್ಡಿಲ್ಲ. ಒಳಗಿನ ಓಣಿಗೆ ತಿರುಗಿದರೆ ಎರಡೂ ಬದಿಯ ಮನೆಗಳಿಂದ ಹೊಲಿಗೆ ಯಂತ್ರಗಳ ಸದ್ದು ಕೇಳಿಸುತ್ತದೆ. ಅವುಗಳಲ್ಲಿ ಒಂದು ಮನೆಯ ಬಾಗಿಲಿಗೆ ‘ಇಲ್ಲಿ ಜೀನ್ಸ್ ಪ್ಯಾಂಟು ಸಿಗುತ್ತವೆ’ ಎಂದು ಬಿಳಿ ಬಣ್ಣದಲ್ಲಿ ಬರೆದ ತಗಡಿನ ತುಂಡೊಂದನ್ನು ತೂಗುಹಾಕಿದ್ದಾರೆ. 2020ರ ದೀಪಾವಳಿಗೆ ಮೊದಲು ಆ ತಗಡೂ ಇರಲಿಲ್ಲ, ಏಕೆಂದರೆ ಅಲ್ಲಿ ಹೊಲಿದ ಒಂದೇ ಒಂದು ಪ್ಯಾಂಟೂ ಊರಿನ ಗಿರಾಕಿಯ ಕೈಗೆ ನೇರವಾಗಿ ಬರುತ್ತಿರಲಿಲ್ಲ.

ಬಳ್ಳಾರಿ ಜೀನ್ಸಿನ ಹೆಸರು ದೂರದವರೆಗೆ ಹಬ್ಬಿದ್ದರೂ ಅದು ತಯಾರಾಗುವ ಬಗೆಯನ್ನು ಊರಿನಲ್ಲೇ ಇರುವ ಅನೇಕರು ಹತ್ತಿರದಿಂದ ನೋಡಿರುವುದಿಲ್ಲ. ಇಪ್ಪತ್ತು ವರ್ಷ ಇಲ್ಲಿಯೇ ಸಂಸಾರ ಮಾಡಿದ ನಾನೂ ನೋಡಿರಲಿಲ್ಲ. ಅಹಮದಾಬಾದ್ ಕಡೆಯ ಮಿಲ್ಲುಗಳಿಂದ ಡೆನಿಮ್ ಥಾನುಗಳು ಬರುತ್ತವೆ. ಕಟಿಂಗ್ ಮಾಸ್ಟರ್ ಅವುಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಸೀಮೆಸುಣ್ಣದಲ್ಲಿ ಗುರುತು ಮಾಡಿಕೊಂಡು, ಹತ್ತಾರು ಪ್ಯಾಂಟುಗಳ ತುಂಡುಗಳನ್ನು ಯಂತ್ರದಲ್ಲಿ ಒಮ್ಮೆಗೇ ಕತ್ತರಿಸುತ್ತಾರೆ. ಆ ಕಟ್ಟುಗಳು ಜಾಬ್ ವರ್ಕಿಗೆಂದು ಓಣಿಯ ಮನೆಗಳಿಗೆ ಹೋಗುತ್ತವೆ. ಒಬ್ಬರು ಜೇಬು ಕೂಡಿಸಿದರೆ ಇನ್ನೊಬ್ಬರು ಕಾಲಿನ ಹೊಲಿಗೆ ಹಾಕುತ್ತಾರೆ, ಕಾಜಾ-ಬಟನ್ ಮತ್ತೊಂದು ಮನೆಯಲ್ಲಿ, ವಾಷಿಂಗ್, ಅಂದರೆ ಹೊಲಿದ ಪ್ಯಾಂಟನ್ನು ಮಾರುವ ಮೊದಲೇ ತೊಳೆದು ಬಣ್ಣ ತಿಳಿಯಾಗಿಸುವುದು, ಊರ ಹೊರಗಿನ ಘಟಕದಲ್ಲಿ ಆಗುತ್ತದೆ, ಕೊನೆಗೆ ಉಳಿದ ದಾರದ ತುದಿಗಳನ್ನು ಒಂದೊಂದಾಗಿ ಕತ್ತರಿಸುವ ಕೆಲಸ ಬಹುಪಾಲು ಹೆಂಗಸರದು. ಎಲ್ಲರ ಕೂಲಿಯೂ ಪೀಸಿನ ಲೆಕ್ಕದಲ್ಲಿ. ಸಿದ್ಧವಾದ ಮಾಲು ಹೊರಗಿನ ವ್ಯಾಪಾರಿಗಳಿಗೆ ಉದ್ದರಿಯ ಮೇಲೆ ಹೋಗಿ, ಅವರು ಹೇಳಿದ ಹೆಸರಿನ ಲೇಬಲ್ ಹೊತ್ತು ಮಾರಾಟವಾದ ಮೇಲೆ, ಎರಡು ಮೂರು ತಿಂಗಳಿಗೆ ದುಡ್ಡು ವಾಪಸು ಬರುತ್ತದೆ.

ಹೀಗೆ ಉದ್ದರಿಯ ಮೇಲೆಯೇ ನಡೆಯುವ ಕಸುಬು ಒಂದು ತಿಂಗಳು ನಿಂತರೂ ಎಷ್ಟು ಮನೆಗಳ ಒಲೆ ಆರುತ್ತದೆ ಎಂಬುದನ್ನು ಈ ಅಂಗಡಿಯ ಮಾಸ್ಟರ್ ಹೇಳಿದಾಗಲೇ ನನಗೆ ತಿಳಿದದ್ದು. 2020ರ ಮಾರ್ಚ್ 25ರಂದು ದೇಶಕ್ಕೆ ಬೀಗ ಬಿದ್ದಾಗ ಅವರ ಮನೆಯ ಅಟ್ಟದ ಮೇಲೆ ರಂಜಾನ್ ಸೀಜನ್ನಿಗೆಂದು ಹೊಲಿದ ಸುಮಾರು 400 ಪ್ಯಾಂಟುಗಳಿದ್ದವಂತೆ. ಆ ವರ್ಷ ರಂಜಾನ್ ಹಬ್ಬ ಮೇ 25ರಂದು, ಲಾಕ್‌ಡೌನಿನ ನಡುವೆಯೇ ಬಂದು ಹೋಯಿತು. ಕೊಂಡೊಯ್ಯಬೇಕಿದ್ದ ವ್ಯಾಪಾರಿ ಫೋನ್ ಎತ್ತಲಿಲ್ಲ, ಹಿಂದಿನ ಮಾಲಿನ ಬಾಕಿಯೂ ಬರಲಿಲ್ಲ. ಮರುವರ್ಷ ಏಪ್ರಿಲ್ 27ರ ರಾತ್ರಿಯಿಂದ ರಾಜ್ಯದಲ್ಲಿ ಮತ್ತೆ ಕರ್ಫ್ಯೂ ಬಂದಾಗ ಇತರ ಕಾರ್ಖಾನೆಗಳಿಗೆ ಸಿಕ್ಕ ಅನುಮತಿ ಸಿದ್ಧ ಉಡುಪಿನವರಿಗೆ ಸಿಗಲಿಲ್ಲ, ಮೇ 14ರ ರಂಜಾನ್ ಹಬ್ಬವೂ ಹಾಗೆಯೇ ಕಳೆಯಿತು. ಜೂನ್ 14ರಿಂದ ಬಾಗಿಲು ತೆರೆಯುವಾಗ ಬೇರೆ ಕಾರ್ಖಾನೆಗಳು ಶೇ 50ರಷ್ಟು ಕೆಲಸಗಾರರನ್ನು ಕರೆಸಿಕೊಳ್ಳಬಹುದಿತ್ತು, ಗಾರ್ಮೆಂಟ್ಸಿಗೆ ಶೇ 30 ಮಾತ್ರ. ಸರ್ಕಾರ ಆ ಮೇ ತಿಂಗಳಲ್ಲಿ ಹೊಲಿಗೆಯವರಿಗೂ ಸೇರಿಸಿ ಘೋಷಿಸಿದ ನೆರವು ತಲಾ 2,000 ರೂಪಾಯಿ. ಎರಡು ಸೀಜನ್ ಕಳೆದುಕೊಂಡ ಮನೆಗೆ ಅದು ಎಷ್ಟು ದಿನದ ಅಕ್ಕಿಯಾದೀತು ಎಂದು ಲೆಕ್ಕ ಹಾಕಲು ನನಗೆ ಮನಸ್ಸಾಗಲಿಲ್ಲ.

ಅಟ್ಟದ ಮೇಲಿನ ಆ 400 ಪ್ಯಾಂಟುಗಳನ್ನು ಮುಂದಿನ ಕೋಣೆಯಲ್ಲಿ ಹಗ್ಗ ಕಟ್ಟಿ ನೇತುಹಾಕಿ, ಊರಿನವರಿಗೇ ಬಿಡಿಯಾಗಿ ಮಾರತೊಡಗಿದ್ದರಿಂದ ಈ ಅಂಗಡಿ ಹುಟ್ಟಿತು. 2020ರ ಆ ದೀಪಾವಳಿಗೆ ನಾನು ದೊಡ್ಡ ಮಗನಿಗೆ ಒಂದು ಪ್ಯಾಂಟು ಕೊಂಡೆ. ಅದಕ್ಕೆ ಮೊದಲು ಆನ್‌ಲೈನ್ ಮಳಿಗೆಯೊಂದರಿಂದ 1,400 ರೂಪಾಯಿ ಕೊಟ್ಟು ತರಿಸಿದ್ದ ಪ್ಯಾಂಟು ಮೂರನೇ ತಿಂಗಳಿಗೆ ತೊಡೆಯ ನಡುವೆ ಸವೆದು ಹರಿದಿತ್ತು, ವಾಪಸು ಮಾಡುವ ಅವಧಿ ಮುಗಿದಿದೆ ಎಂಬ ಉತ್ತರ ಬಂದಿತ್ತು. ಕೌಲ್‌ಬಜಾರಿನಲ್ಲಿ ಕೊಟ್ಟದ್ದು 450 ರೂಪಾಯಿ. ಆಗಿನಿಂದ ಈಚೆಗೆ ಮಕ್ಕಳಿಬ್ಬರಿಗೆ ಎರಡು, ಯಜಮಾನರಿಗೆ ಎರಡು, ನನಗೆ ಒಂದು, ಒಟ್ಟು ಐದು ಪ್ಯಾಂಟು ಕೊಂಡಿದ್ದೇನೆ. ಆದ್ದರಿಂದ ಒಂದು ಸಲದ ಅನುಭವದ ಮೇಲೆ ಇದನ್ನು ಬರೆಯುತ್ತಿಲ್ಲ.

ಮೊದಲ ಭೇಟಿಯಲ್ಲಿ ಬಣ್ಣ ನೋಡಿ ಆರಿಸುತ್ತಿದ್ದ ನನ್ನನ್ನು ತಡೆದು ಮಾಸ್ಟರ್, ‘ಅಕ್ಕಾ, ಜೀನ್ಸ್ ಯಾವಾಗ್ಲೂ ತಿರುವಿ ನೋಡ್ಬೇಕ್ರಿ’ ಎಂದು ಪ್ಯಾಂಟಿನ ಒಳಮೈಯನ್ನು ಹೊರಗೆ ಮಾಡಿ ತೊಡೆಯ ಮೇಲೆ ಹರಡಿಕೊಂಡರು. ಅವರ ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳು ಉಗುರಿನ ಸಂದಿಯವರೆಗೂ ನೀಲಿಯಾಗಿದ್ದವು. ಕಾಲಿನ ಹೊಲಿಗೆಯಲ್ಲಿ ಬಟ್ಟೆಯ ಎರಡೂ ಅಂಚು ಒಂದರೊಳಗೊಂದು ಮಡಚಿಕೊಂಡು ಎರಡು ಸಾಲು ದಾರ ಸಮನಾಗಿ ಓಡಿದೆಯೇ, ಜಿಪ್ಪಿನ ಬುಡದಲ್ಲಿ ಮತ್ತು ಬೆಲ್ಟಿನ ಪಟ್ಟಿಗಳ ಎರಡೂ ತುದಿಯಲ್ಲಿ ಒತ್ತಾದ ಗಟ್ಟಿ ಹೊಲಿಗೆ ಬಿದ್ದಿದೆಯೇ, ಜೇಬಿನ ಮೂಲೆಯ ತಾಮ್ರದ ಬಣ್ಣದ ಗುಂಡಿ ಅಲುಗಾಡುತ್ತದೆಯೇ ಎಂದು ಒಂದೊಂದನ್ನೂ ಅದೇ ನೀಲಿ ಬೆರಳಿನಿಂದ ಒತ್ತಿ ತೋರಿಸಿದರು. ನಂತರ ಬಟ್ಟೆಯ ತೂಕದ ಮಾತು ಬಂತು. ಒಂದು ಚದರ ಗಜ ಡೆನಿಮ್ ಎಷ್ಟು ಔನ್ಸ್ ತೂಗುತ್ತದೆ ಎಂಬುದರ ಮೇಲೆ ಬಟ್ಟೆಯ ದಪ್ಪವನ್ನು ಹೇಳುವುದು ಈ ಕಸುಬಿನ ರೂಢಿ. ಅವರಲ್ಲಿ ಹಿಗ್ಗುವ ಬಟ್ಟೆಯ ತೆಳುವಾದ 10 ಔನ್ಸಿನದು ಒಂದು, ಹಿಗ್ಗದ 12 ಔನ್ಸಿನದು ಇನ್ನೊಂದು ಇವೆ. ಬಳ್ಳಾರಿಯ ಬೇಸಿಗೆಗೆ ಮೊದಲನೆಯದೇ ಸರಿ ಎಂದು ಮಕ್ಕಳು ಹೇಳುತ್ತಾರೆ, ಬೈಕಿನಲ್ಲಿ ದಿನಾ ಸಂಡೂರಿನವರೆಗೆ ಹೋಗಿಬರುವ ಯಜಮಾನರು ಎರಡನೆಯದನ್ನು ಬಿಟ್ಟು ಬೇರೆ ಉಡುವುದಿಲ್ಲ.

ಗುಣಮಟ್ಟದ ವಿಷಯದಲ್ಲಿ ನನ್ನ ತೀರ್ಮಾನ ಸ್ಪಷ್ಟವಾಗಿದೆ: ಹೊಲಿಗೆಗೆ ಪೂರ್ಣ ಅಂಕ ಕೊಡುತ್ತೇನೆ. ಹದಿನೆಂಟು ತಿಂಗಳು ಕಳೆದ ಮೊದಲ ಪ್ಯಾಂಟು, ವಾರಕ್ಕೆ ಎರಡು ಸಲ ಒಗೆತಕ್ಕೆ ಬಿದ್ದರೂ ಎಲ್ಲಿಯೂ ದಾರ ಬಿಟ್ಟಿಲ್ಲ. ಮೊಣಕಾಲಿನ ಹತ್ತಿರ ಬಣ್ಣ ಮಾಸಿದೆಯಾದರೂ ಬಟ್ಟೆ ಸವೆದಿಲ್ಲ. ಕಾಲಿನ ಉದ್ದ ಕಡಿಮೆ ಮಾಡುವುದು, ಸೊಂಟ ಒಂದಿಂಚು ಹಿಡಿಯುವುದು ಇವನ್ನು ಹತ್ತು ನಿಮಿಷದಲ್ಲಿ, ಬೇರೆ ದುಡ್ಡು ತೆಗೆದುಕೊಳ್ಳದೆ ಮಾಡಿಕೊಡುತ್ತಾರೆ. ಕತ್ತರಿಸಿದ ತುಂಡುಗಳನ್ನು ಅವರ ಸೊಸೆ ಜೋಡಿಸಿ ಹೊಲಿಯುವ ಸಂತೆಚೀಲಗಳು 60 ರೂಪಾಯಿಗೆ ಸಿಗುತ್ತವೆ. ನಮ್ಮ ಮನೆಯಲ್ಲಿ ಜೋಳ ತರಲು ಈಗ ಅದೇ ಚೀಲ.

ಕೊರತೆಗಳನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು. ಪಟ್ಟಿಯ ಮೇಲಿನ ಅಳತೆಯನ್ನು ನಂಬುವಂತಿಲ್ಲ. 34 ಎಂದು ಬರೆದದ್ದು ಟೇಪು ಹಿಡಿದರೆ ಒಮ್ಮೆ 35, ಇನ್ನೊಮ್ಮೆ 33 ಬಂತು, ಆದ್ದರಿಂದ ಹಾಕಿಕೊಂಡು ನೋಡದೆ ಕೊಳ್ಳಬೇಡಿ. ಹಾಕಿ ನೋಡಲು ಕೋಣೆಯ ಮೂಲೆಯಲ್ಲಿ ಒಂದು ಪರದೆ ಇದೆಯೇ ಹೊರತು ಬಾಗಿಲಿಲ್ಲ, ಹೆಂಗಸರಿಗೆ ಇದು ಮುಜುಗರದ ಸಂಗತಿ. ನಾನು ಒಳಮನೆಗೆ ಹೋಗಿ ಹಾಕಿಕೊಂಡು ಬಂದೆ. ಹೆಂಗಸರ ಅಳತೆಯ ಪ್ಯಾಂಟುಗಳು ಮೂರು ನಾಲ್ಕು ಬಗೆ ಮಾತ್ರ, ಅವೂ ಕಾಲೇಜು ಹುಡುಗಿಯರ ಮೈಕಟ್ಟಿಗೆ ಹೊಂದುವಂಥವು. ತೊಳೆಯದೆ ಮಾರುವ ಕಡು ನೀಲಿ ಪ್ಯಾಂಟು ಮೊದಲ ಒಗೆತಕ್ಕೆ ಒಂದು ಬೆರಳಿನಷ್ಟು ಗಿಡ್ಡವಾಗುತ್ತದೆ, ಮೂರು ಒಗೆತದವರೆಗೆ ಬಣ್ಣ ಬಿಡುತ್ತದೆ. ಬಿಳಿ ಬಟ್ಟೆಯ ಜೊತೆ ನೆನೆಹಾಕಬಾರದು. ಹೀಗಿದ್ದರೂ ನಾನು ಅದನ್ನೇ ಆರಿಸುತ್ತೇನೆ, ಏಕೆಂದರೆ ವಾಷಿಂಗ್ ಘಟಕಗಳಿಂದ ಹೊರಬರುವ ಬಣ್ಣದ ನೀರಿನ ಬಗ್ಗೆ ನಮ್ಮ ಊರಿನಲ್ಲಿ ಬಹಳ ವರ್ಷಗಳಿಂದ ದೂರುಗಳಿವೆ, ಮತ್ತು ಈ ಕಸುಬು ಉಳಿಯಬೇಕೆಂದು ಬಯಸುವವರು ಆ ದೂರನ್ನು ಕೇಳಿಸಿಕೊಳ್ಳದೆ ಇರಲಾಗದು.

ಎಲ್ಲಕ್ಕಿಂತ ದೊಡ್ಡ ಕೊರತೆ ಕಂಡದ್ದು ಜೇಬಿನ ಒಳಬಟ್ಟೆಯಲ್ಲಿ. ಹೊರಗೆ ಇಷ್ಟು ಗಟ್ಟಿಯಾದ ಪ್ಯಾಂಟಿಗೆ ಒಳಗೆ ತೀರ ತೆಳುವಾದ ಬಿಳಿ ಬಟ್ಟೆ ಹಾಕಿದ್ದರು. ಯಜಮಾನರ ಬೈಕಿನ ಕೀಲಿಗೊಂಚಲು ಎಂಟನೇ ತಿಂಗಳಿಗೆ ಅದನ್ನು ತೂತು ಮಾಡಿ, ಚಿಲ್ಲರೆ ದುಡ್ಡು ಕಾಲಿನೊಳಗೆ ಜಾರುವಂತಾಯಿತು. ಹರಿದ ಪ್ಯಾಂಟನ್ನು ತೆಗೆದುಕೊಂಡು ಹೋಗಿ ಮಾಸ್ಟರ್ ಮುಂದೆ ಇಟ್ಟೆ. ಅವರು ತೂತಿನಲ್ಲಿ ಬೆರಳು ತೂರಿಸಿ ನೋಡಿ, ವ್ಯಾಪಾರಿಗಳು ಪೀಸಿನ ದರದಲ್ಲಿ ಐದು ರೂಪಾಯಿ ಇಳಿಸಲು ಹೇಳಿದಾಗಲೆಲ್ಲ ಮೊದಲು ಇಳಿಯುವುದು ಜೇಬಿನ ಬಟ್ಟೆಯೇ ಎಂದರು. ಕೊಳ್ಳುವವರು ಯಾರೂ ವಾಪಸು ಬಂದು ತೋರಿಸಿದ್ದಿಲ್ಲವಾದ್ದರಿಂದ ಅದು ಎಷ್ಟು ದಿನ ಬಾಳುತ್ತದೆಂದು ತಮಗೇ ಗೊತ್ತಿರಲಿಲ್ಲ ಎಂದೂ ಸೇರಿಸಿದರು. ಆ ಮಾತು ನನ್ನ ಮನಸ್ಸಿನಲ್ಲಿ ಬಹಳ ದಿನ ಉಳಿಯಿತು. ಮೂವತ್ತು ವರ್ಷ ಪ್ಯಾಂಟು ಹೊಲಿದ ಮನುಷ್ಯ ತಾನು ಹೊಲಿದದ್ದನ್ನು ಉಟ್ಟವರ ಮುಖವನ್ನೇ ನೋಡಿರಲಿಲ್ಲ.

ಸ್ಥಳೀಯ ಅಂಗಡಿಗಳನ್ನು ಬೆಂಬಲಿಸಬೇಕು ಎಂಬ ಮಾತು ಕೊರೊನಾ ನಂತರ ಎಲ್ಲ ಕಡೆ ಕೇಳಿಬರುತ್ತಿದೆ, ನಾನೂ ಅದನ್ನು ಮನಸಾರೆ ಒಪ್ಪುತ್ತೇನೆ. ಆದರೆ ಕನಿಕರಕ್ಕೆ ಒಮ್ಮೆ ಕೊಂಡು ಮರೆತುಬಿಡುವ ಗಿರಾಕಿಯಿಂದ ಇಂಥ ಮನೆಗೆ ಆಗುವ ಉಪಕಾರ ಕಡಿಮೆ. ಅವರಿಗೆ ಬೇಕಾಗಿರುವುದು ಉದ್ದರಿ ಹೇಳದೆ ಕೈಯಲ್ಲಿ ದುಡ್ಡು ಕೊಡುವವರು, ಹಬ್ಬವಿಲ್ಲದ ತಿಂಗಳಲ್ಲೂ ಬರುವವರು, ತಪ್ಪು ಕಂಡರೆ ಬಂದು ಹೇಳುವವರು. ಇನ್ನೊಂದು ಮಾತು: ದಯವಿಟ್ಟು ಇಲ್ಲಿ ಚೌಕಾಸಿ ಮಾಡಬೇಡಿ. 2021-22ರ ಹಂಗಾಮಿನಲ್ಲಿ ಹತ್ತಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 6,025 ರೂಪಾಯಿ ಇದ್ದಾಗ ಪೇಟೆಯ ಧಾರಣೆ 10,000 ದಾಟಿತು. ರಾಯಚೂರು ಕಡೆಯ ನಮ್ಮ ಬಂಧುಗಳಿಗೆ ಅಪರೂಪಕ್ಕೆ ಒಳ್ಳೆಯ ಕಾಸು ಸಿಕ್ಕಿತೆಂದು ಸಂತೋಷಪಟ್ಟೆ, ಆದರೆ ಅದೇ ಹತ್ತಿ ಡೆನಿಮ್ ಥಾನಾಗಿ ಕೌಲ್‌ಬಜಾರಿಗೆ ಬರುವಾಗ ಮೀಟರಿನ ದರ ಏರಿತು. 1,000 ರೂಪಾಯಿ ಒಳಗಿನ ಸಿದ್ಧ ಉಡುಪಿನ ತೆರಿಗೆಯನ್ನು ಶೇ 5ರಿಂದ 12ಕ್ಕೆ ಏರಿಸುವ ತೀರ್ಮಾನವನ್ನು ಜಿಎಸ್‌ಟಿ ಮಂಡಳಿ 2021ರ ಡಿಸೆಂಬರ್ 31ರಂದು, ಜಾರಿಯಾಗುವ ಹಿಂದಿನ ದಿನ, ಮುಂದೂಡಿದ್ದರಿಂದ ಒಂದು ಹೊರೆ ತಪ್ಪಿತು. 450 ಇದ್ದ ಪ್ಯಾಂಟು 2022ರಲ್ಲಿ 600 ರೂಪಾಯಿಯಾಯಿತು. ಬಟ್ಟೆ, ದಾರ, ಜಿಪ್ಪು, ಐದು ಮನೆಗಳ ಕೂಲಿ ಎಲ್ಲ ಕಳೆದು ಅದರಲ್ಲಿ ಉಳಿಯುವುದೆಷ್ಟು ಎಂಬುದನ್ನು ಅವರ ಬಾಯಿಂದ ಕೇಳಿದ ಮೇಲೆ ನಾನು ಒಂದು ರೂಪಾಯಿಯನ್ನೂ ಕಡಿಮೆ ಕೇಳಿಲ್ಲ.

ಹೋಗುವವರಿಗೆ ಬೇಕಾದ ವಿವರ ಇಷ್ಟು: ಬೆಳಿಗ್ಗೆ ಹತ್ತರಿಂದ ರಾತ್ರಿ ಎಂಟರವರೆಗೆ ತೆರೆದಿರುತ್ತದೆ, ಶುಕ್ರವಾರ ಮಧ್ಯಾಹ್ನ ಎರಡು ಗಂಟೆಗಳ ಕಾಲ ಮುಚ್ಚಿರುತ್ತದೆ. ಫೋನಿನಲ್ಲಿ ಹಣ ಹಾಕಲು ಕ್ಯೂಆರ್ ಚೀಟಿ ಯಂತ್ರದ ಪಕ್ಕದ ಗೋಡೆಗಿದೆ. ಕಾಲು ಕತ್ತರಿಸಿದ ಮೇಲೆ ವಾಪಸು ತೆಗೆದುಕೊಳ್ಳುವುದಿಲ್ಲ. ಕರೆಂಟ್ ಹೋದರೆ ಕಾಯಬೇಕು.

ಹರಿದ ಜೇಬನ್ನು ಅಂದೇ ಬಿಚ್ಚಿ, ದಪ್ಪನೆಯ ಖಾಕಿ ಬಟ್ಟೆ ಹಾಕಿ, ದುಡ್ಡು ಬೇಡವೆಂದು ಕೊಟ್ಟರು. ಈ ಯುಗಾದಿಗೆ ಹೋದಾಗ ಹಗ್ಗದ ಮೇಲಿದ್ದ ಹೊಸ ಪ್ಯಾಂಟುಗಳನ್ನು ನಾನೇ ತಿರುವಿ ನೋಡಿದೆ. ಎಲ್ಲದರ ಒಳಗೂ ಅದೇ ಖಾಕಿ ಜೇಬು ಇತ್ತು. ಒಂದನ್ನು ಯಜಮಾನರಿಗೆ ಕೊಂಡು ಏಳು ವಾರವಾಯಿತು. ಅದೇ ಕೀಲಿಗೊಂಚಲು ದಿನವೂ ಅದೇ ಜೇಬಿನಲ್ಲಿರುತ್ತದೆ, ಇನ್ನೂ ಒಂದು ಎಳೆಯೂ ಕಿತ್ತಿಲ್ಲ.