ದೋಣಿ ಗಂಟುಗಳ ಕಿಟ್: ಕಟ್ಟೋದು ಕಲಿಸುತ್ತದೆ, ಬಿಚ್ಚೋದು ಮರೆತಿದೆ

ಸಣ್ಣ ದೋಣಿ ಕಟ್ಟಲು ಬೇಕಾದ ಗಂಟುಗಳನ್ನು ಮನೆಯಲ್ಲೇ ಕೂತು ಕಲಿಯಬಹುದು ಅಂತ ಆನ್‌ಲೈನ್‌ನಲ್ಲಿ ಕಿಟ್‌ಗಳು ಸಿಗುತ್ತವಲ್ಲ, ಅಂಥದ್ದೊಂದನ್ನು ತರಿಸಿಕೊಂಡು ಬಳಸಿದ್ದೇನೆ. ಕಂಪನಿ ಹೆಸರು ಬೇಡ. ಇವೆಲ್ಲ ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಒಂದು ಮರದ ಹಲಗೆ, ಅದಕ್ಕೆ ಸ್ಕ್ರೂ ಹಾಕಿ ಕೂರಿಸಿದ ಕ್ಲೀಟ್, ಪಕ್ಕದಲ್ಲಿ ಒಂದು ಬಳೆ, ಎರಡು ಬಣ್ಣದ ಹಗ್ಗ, ನೆನೆದರೂ ಹಾಳಾಗದ ಕಾರ್ಡುಗಳು, ವೀಡಿಯೊ ನೋಡಲು ಸ್ಕ್ಯಾನ್ ಮಾಡುವ ಕೋಡ್. ಇಷ್ಟೇ.

ಮೊದಲೇ ಹೇಳಿಬಿಡುತ್ತೇನೆ: ಕಿಟ್ ಕೆಟ್ಟದ್ದಲ್ಲ. ಆದರೆ ದೋಣಿಯ ಗಂಟು ಅಂದರೆ ಏನು ಅನ್ನೋದು ಅದನ್ನು ಮಾಡಿದವರಿಗೇ ಅರ್ಧ ಮಾತ್ರ ಗೊತ್ತಿರುವಂತಿದೆ. ಬಿಗಿಯಾಗಿ ಕಟ್ಟುವುದು ಯಾರಿಗೂ ಬರುತ್ತದೆ. ಸಿಕ್ಕಸಿಕ್ಕ ಹಾಗೆ ನಾಲ್ಕು ಸುತ್ತು ಸುತ್ತಿ ಎಳೆದರೆ ಕಗ್ಗಂಟಾಗಿ ಕೂತುಬಿಡುತ್ತದೆ, ದೋಣಿಯಂತೂ ಎಲ್ಲೂ ಹೋಗುವುದಿಲ್ಲ. ಕಷ್ಟ ಇರುವುದು ಆಮೇಲೆ. ಹಗ್ಗ ನೆನೆದು, ದೋಣಿ ರಾತ್ರಿಯಿಡೀ ಜಗ್ಗಿ, ಗಂಟು ಕಲ್ಲಿನ ಹಾಗೆ ಗಟ್ಟಿಯಾಗಿರುವಾಗ, ಗಾಳಿ ಜೋರಾಗಿ ಬೀಸುವಾಗ, ಅದನ್ನು ಬಿಚ್ಚಬೇಕು, ಅದೂ ಬೇಗ. ಒಳ್ಳೆಯ ಗಂಟು ಅಂದರೆ ಬೇಕಾದಷ್ಟು ಹೊತ್ತು ಹಿಡಿದು, ಬೇಡ ಅಂದ ಕೂಡಲೇ ಬಿಡುವಂಥದ್ದು. ಬ್ರಹ್ಮಗಂಟು ಮದುವೆಗೆ ಸರಿ, ದೋಣಿಗೆ ಬೇಡ. ಈ ಕಿಟ್‌ನ ಕಾರ್ಡುಗಳಲ್ಲಿ ಪ್ರತಿ ಗಂಟನ್ನೂ ಕಟ್ಟುವ ಚಿತ್ರ ಇದೆ. ಬಿಚ್ಚುವ ಚಿತ್ರ ಒಂದೂ ಇಲ್ಲ.

ಚೆನ್ನಾಗಿರುವುದರಿಂದಲೇ ಶುರು ಮಾಡೋಣ. ಕ್ಲೀಟ್ ಕೂರಿಸಿದ ಹಲಗೆ ಈ ಕಿಟ್‌ನ ಪ್ರಾಣ. ಕ್ಲೀಟ್ ಅಂದರೆ ಎರಡು ಕಡೆ ಕೊಂಬು ಚಾಚಿದ, ಜೆಟ್ಟಿಯ ಮೇಲೂ ದೋಣಿಯ ಅಂಚಿನಲ್ಲೂ ಇರುವ ಆ ಲೋಹದ ತುಂಡು. ಅದಕ್ಕೆ ಹಗ್ಗ ಸುತ್ತುವುದನ್ನು ಪುಸ್ತಕದ ಚಿತ್ರ ನೋಡಿ ಕಲಿಯಲು ಆಗುವುದಿಲ್ಲ, ಕೈಗೆ ಅಭ್ಯಾಸ ಆಗಲೇಬೇಕು. ಎಷ್ಟೋ ವರ್ಷದಿಂದ ದೋಣಿ ನಡೆಸುವವರೂ ಇದನ್ನು ತಪ್ಪಾಗಿ ಸುತ್ತುವುದನ್ನು ಯಾವ ಜೆಟ್ಟಿಯಲ್ಲಾದರೂ ನೋಡಬಹುದು.

ಸರಿಯಾದ ಕ್ರಮ ಹೀಗೆ. ಹಗ್ಗ ದೋಣಿಯಿಂದ ಬರುತ್ತದಲ್ಲ, ಆ ಕಡೆಯಿಂದ ನೋಡಿದರೆ ದೂರ ಇರುವ ಕೊಂಬಿನ ಕೆಳಗೆ ಮೊದಲು ಹಾಕಬೇಕು. ಅಲ್ಲಿಂದ ಕ್ಲೀಟ್‌ನ ಬುಡಕ್ಕೆ ಒಂದು ಪೂರ್ತಿ ಸುತ್ತು. ದೋಣಿಯ ಎಳೆತವನ್ನು ತಡೆಯುವುದು ಮುಖ್ಯವಾಗಿ ಈ ಸುತ್ತೇ. ಆಮೇಲೆ ಮೇಲಿಂದ ಓರೆಯಾಗಿ ದಾಟಿಸಿ ಇನ್ನೊಂದು ಕೊಂಬಿಗೆ, ಮತ್ತೆ ಓರೆಯಾಗಿ ವಾಪಸ್, ಇಂಗ್ಲಿಷಿನ ಎಂಟರ ಆಕಾರದಲ್ಲಿ. ಕೊನೆಗೆ ಹಗ್ಗವನ್ನು ಒಮ್ಮೆ ತಿರುಚಿ, ತುದಿ ಒಳಗೆ ಸಿಕ್ಕುವಂತೆ ಒಂದು ಕುಣಿಕೆ ಮಾಡಿ ಕೊಂಬಿಗೆ ಸಿಕ್ಕಿಸಿ ಎಳೆದರೆ ಲಾಕ್. ಸರಿಯಾಗಿದೆಯೋ ಇಲ್ಲವೋ ನೋಡಲು ಸುಲಭ: ಹಗ್ಗದ ತುದಿ, ಮೊದಲು ಓರೆಯಾಗಿ ಹೋದ ಸುತ್ತಿನ ಪಕ್ಕದಲ್ಲೇ ಅದಕ್ಕೆ ಸಮನಾಗಿ ಮಲಗಿರಬೇಕು. ಅಡ್ಡ ಬಂದಿದ್ದರೆ ಕುಣಿಕೆ ತಿರುಚಿದ್ದು ಉಲ್ಟಾ ಆಗಿದೆ ಅಂತ.

ಈ ಕಾರ್ಡ್ ಚೆನ್ನಾಗಿದೆ, ಅದನ್ನು ಒಪ್ಪಬೇಕು. ದೂರದ ಕೊಂಬಿನಿಂದ ಶುರು ಮಾಡಿ ಅಂತ ಬಾಣದ ಗುರುತು ಹಾಕಿ ತೋರಿಸಿದ್ದಾರೆ. ಯಾಕೆ ಅಂತ ಮಾತ್ರ ಹೇಳಿಲ್ಲ. ಹತ್ತಿರದ ಕೊಂಬಿನಿಂದ ಶುರು ಮಾಡಿದರೆ ಎಳೆತ ಬಿದ್ದಾಗ ಹಗ್ಗ ತನ್ನದೇ ಸುತ್ತುಗಳ ಮೇಲೆ ಒತ್ತಿ ಸಿಕ್ಕಿಕೊಳ್ಳಬಹುದು, ಆಗ ಸಡಿಲ ಮಾಡುವುದೇ ಕಷ್ಟ. ಬುಡಕ್ಕೆ ಪೂರ್ತಿ ಸುತ್ತು ಹಾಕದೆ ನೇರವಾಗಿ ಲಾಕ್ ಮಾಡಿದರೂ ಅದೇ ಕಥೆ, ಎಳೆತವೆಲ್ಲ ಲಾಕ್ ಮೇಲೇ ಬೀಳುತ್ತದೆ. ಕ್ರಮವಾಗಿ ಸುತ್ತಿದ್ದರೆ ದೋಣಿ ಜಗ್ಗುತ್ತಿರುವಾಗಲೂ ಲಾಕ್ ತೆಗೆದು, ಒಂದೊಂದೇ ಸುತ್ತು ಬಿಚ್ಚುತ್ತಾ, ಹಗ್ಗವನ್ನು ಕೈಯಲ್ಲಿ ನಿಧಾನವಾಗಿ ಬಿಡಬಹುದು. ಇನ್ನೊಂದು: ಭಯಕ್ಕೆ ಐದಾರು ಸುತ್ತು ಪೇರಿಸಿ ಕ್ಲೀಟನ್ನೇ ಮುಚ್ಚಿಬಿಡುವವರಿದ್ದಾರೆ. ಅದರಿಂದ ಹಿಡಿತವೇನೂ ಜಾಸ್ತಿ ಆಗುವುದಿಲ್ಲ, ಬಿಚ್ಚುವವನಿಗೆ ಕೆಲಸ ಜಾಸ್ತಿ ಅಷ್ಟೆ. ಹಗ್ಗ ತುಂಬಾ ನುಣುಪಾಗಿದ್ದರೆ ಇನ್ನೊಂದು ಎಂಟು ಹಾಕಿಕೊಳ್ಳಿ, ಸಾಕು.

ಈಗ ಬೋಲಿನ್, ಅಂದರೆ ಹಗ್ಗದ ತುದಿಯಲ್ಲಿ ಎಳೆದರೂ ಕಿರಿದಾಗದ ಕುಣಿಕೆ ಮಾಡುವ ಗಂಟು. ಗಂಟುಗಳ ರಾಜ ಅಂತ ಕಾರ್ಡಿನ ಮೇಲೆ ಕಿರೀಟದ ಚಿತ್ರ ಬೇರೆ. ಮೊಲದ ಕಥೆಯೂ ಇದೆ (ಮೊಲ ಅಂದರೆ ಹಗ್ಗದ ತುದಿ, ಬಿಲ ಅಂದರೆ ಸಣ್ಣ ಕುಣಿಕೆ, ಮರ ಅಂದರೆ ಉದ್ದ ಹಗ್ಗ): ಮೊಲ ಬಿಲದಿಂದ ಮೇಲೆ ಬಂತು, ಮರದ ಹಿಂದೆ ಸುತ್ತಿತು, ಮತ್ತೆ ಬಿಲಕ್ಕೆ ಇಳಿಯಿತು. ಕಥೆ ಚೆನ್ನಾಗಿದೆ, ಆದರೆ ಬಿಲ ಯಾವ ಕಡೆಗೆ ತಿರುಚಿರಬೇಕು ಅನ್ನುವುದನ್ನು ಮೊಲ ಹೇಳುವುದಿಲ್ಲ. ಗಂಟು ನಿಲ್ಲುವುದೂ ಬಿಚ್ಚಿಹೋಗುವುದೂ ಅಲ್ಲೇ. ಸಣ್ಣ ಕುಣಿಕೆ ಮಾಡುವಾಗ ತುದಿಯ ಕಡೆಯ ಹಗ್ಗ ಮೇಲಿರಬೇಕು, ದೋಣಿಗೆ ಹೋಗುವ ಉದ್ದ ಹಗ್ಗ ಕೆಳಗಿರಬೇಕು. ಅದು ಉಲ್ಟಾ ಆದರೆ ಮೊಲ ಎಷ್ಟೇ ಸರಿಯಾಗಿ ಓಡಾಡಿದರೂ ಎಳೆದ ಕೂಡಲೇ ಗಂಟೇ ಇರುವುದಿಲ್ಲ.

ಬೋಲಿನ್‌ನ ನಿಜವಾದ ಬೆಲೆ ಗೊತ್ತಾಗುವುದು ಬಿಚ್ಚುವಾಗ. ಎಷ್ಟೇ ಬಿಗಿದಿರಲಿ, ಎಳೆತ ಹೋದ ಮೇಲೆ ಗಂಟನ್ನು ತಿರುಗಿಸಿ ನೋಡಿ. ಉದ್ದ ಹಗ್ಗವನ್ನು ಹಿಂದಿನಿಂದ ಅಪ್ಪಿಕೊಂಡ ಒಂದು ಮಡಿಕೆ ಕಾಣುತ್ತದೆ. ಹೆಬ್ಬೆರಳಿನಿಂದ ಅದನ್ನು ಉದ್ದ ಹಗ್ಗದ ಗುಂಟ ಗಂಟಿನಿಂದಾಚೆಗೆ ತಳ್ಳಿ. ಅಷ್ಟು ಹೊತ್ತು ಬಿಗಿದುಕೊಂಡಿದ್ದ ಹಗ್ಗ ಸಡಿಲವಾಗುತ್ತದೆ, ಆಮೇಲೆ ಎರಡು ಬೆರಳು ಸಾಕು. ಒದ್ದೆ ಹಗ್ಗದಲ್ಲೂ ಇದು ನಡೆಯುತ್ತದೆ. ಇದೊಂದು ಚಿತ್ರ ಹಾಕಿದ್ದರೆ ಕಾರ್ಡಿಗೆ ಕಿರೀಟವೇ ಬೇಕಿರಲಿಲ್ಲ.

ಆದರೆ ಬೋಲಿನ್‌ಗೂ ಎರಡು ಕೊರತೆ ಇವೆ, ಕಾರ್ಡ್ ಅದರ ಬಗ್ಗೆ ತುಟಿ ಬಿಚ್ಚಿಲ್ಲ. ಒಂದು, ಹಗ್ಗ ಜಗ್ಗುತ್ತಿರುವಾಗ ಇದನ್ನು ಬಿಚ್ಚಲು ಆಗುವುದಿಲ್ಲ. ಹರಿಯುವ ನೀರು ದೋಣಿಯನ್ನು ಎಳೆದು ಹಿಡಿದಿದೆ, ನೀವು ಒಬ್ಬರೇ ಇದ್ದೀರಿ, ಗೂಟಕ್ಕೆ ಬೋಲಿನ್ ಹಾಕಿದ್ದೀರಿ ಅಂದರೆ ಮೊದಲು ಹೇಗಾದರೂ ದೋಣಿಯನ್ನು ಹತ್ತಿರ ಎಳೆದು ಹಗ್ಗ ಸಡಿಲ ಮಾಡಬೇಕು, ಇಲ್ಲವೇ ಚಾಕು ತೆಗೀಬೇಕು. ಎರಡು, ಎಳೆತವೇ ಇಲ್ಲದೆ ಹಗ್ಗ ಸುಮ್ನೆ ಅಲ್ಲಾಡುತ್ತಿದ್ದರೆ, ಅದರಲ್ಲೂ ಬಿರುಸಾದ ಹಗ್ಗದಲ್ಲಿ, ಇದು ತಾನಾಗಿಯೇ ಸಡಿಲವಾಗಬಹುದು. ಅದಕ್ಕೇ ತುದಿಯನ್ನು ಉದ್ದ ಬಿಡಬೇಕು, ಹಗ್ಗದ ದಪ್ಪದ ಹತ್ತು ಹನ್ನೆರಡು ಪಟ್ಟಾದರೂ. 10 ಮಿಲಿಮೀಟರ್ ಹಗ್ಗಕ್ಕೆ 10–12 ಸೆಂಟಿಮೀಟರ್ ಅಂದುಕೊಳ್ಳಿ. ಕಾರ್ಡಿನ ಚಿತ್ರದಲ್ಲಿ ತುದಿ ಎಷ್ಟು ಚಿಕ್ಕದಾಗಿದೆ ಅಂದರೆ ನೋಡಿದರೇ ಭಯ ಆಗುತ್ತದೆ.

ಜಗ್ಗುತ್ತಿರುವಾಗಲೂ ಕಟ್ಟಿ ಬಿಚ್ಚಬಹುದಾದ ಗಂಟು ಬೇರೆಯೇ ಇದೆ: ಗೂಟಕ್ಕೋ ಬಳೆಗೋ ಒಂದು ಪೂರ್ತಿ ಸುತ್ತು, ಮೇಲೆ ಎರಡು ಹಾಫ್ ಹಿಚ್ (ತುದಿಯನ್ನು ಉದ್ದ ಹಗ್ಗಕ್ಕೆ ಒಂದು ಸುತ್ತು ತಂದು ಆ ಸುತ್ತಿನೊಳಗಿಂದಲೇ ಎಳೆಯುವ ಸರಳ ಗಂಟು). ನನ್ನನ್ನು ಕೇಳಿದರೆ ಹೊಸಬರು ಮೊದಲು ಕಲಿಯಬೇಕಾದದ್ದು ಇದೇ. ಕಿಟ್‌ನಲ್ಲಿ ಇದು ಕೊನೆಯಿಂದ ಎರಡನೇ ಕಾರ್ಡ್! ದೋಣಿ ದಡಕ್ಕೆ ಬರುವಾಗ ಇನ್ನೂ ವೇಗ ಇರುತ್ತದೆ. ಗೂಟಕ್ಕೆ ಒಂದು ಸುತ್ತು ಸುತ್ತಿ ತುದಿಯನ್ನು ಕೈಯಲ್ಲಿ ಹಿಡಿದರೆ ಹೆಚ್ಚಿನ ಭಾರ ಗೂಟವೇ ಹೊರುತ್ತದೆ, ಸ್ವಲ್ಪ ಸ್ವಲ್ಪ ಬಿಡುತ್ತಾ ದೋಣಿಯನ್ನು ನಿಲ್ಲಿಸಬಹುದು, ಆಮೇಲೆ ನಿಧಾನಕ್ಕೆ ಎರಡು ಹಾಫ್ ಹಿಚ್ ಹಾಕಿದರಾಯಿತು. ಬಿಚ್ಚುವಾಗ ಇದೇ ಉಲ್ಟಾ. ಎರಡೂ ಹಾಫ್ ಹಿಚ್ ಒಂದೇ ದಿಕ್ಕಿಗೆ ಹೋಗಬೇಕು ಅನ್ನುವುದೊಂದನ್ನು ನೆನಪಿಟ್ಟುಕೊಳ್ಳಿ. ಹಾಂ, ಆ ಸುತ್ತು ಹಾಕುವಾಗ ಬೆರಳು ಹಗ್ಗಕ್ಕೂ ಗೂಟಕ್ಕೂ ನಡುವೆ ಇರಬಾರದು, ಹಗ್ಗವನ್ನು ಕೈಗೆ ಸುತ್ತಿಕೊಳ್ಳಲೂಬಾರದು. ದೋಣಿ ಚಿಕ್ಕದೇ ಇರಬಹುದು, ಜಗ್ಗಿದರೆ ಬೆರಳು ಹೋಗುತ್ತೆ. ಈ ಎಚ್ಚರಿಕೆ ಯಾವ ಕಾರ್ಡಿನಲ್ಲೂ ಇಲ್ಲ, ಇದು ನನಗೆ ಸಿಟ್ಟು ತರಿಸಿದ ವಿಷಯ.

ಅದರ ಬದಲು ಮೊದಲ ಕಾರ್ಡಾಗಿ ಯಾವುದನ್ನು ಕೊಟ್ಟಿದ್ದಾರೆ ಗೊತ್ತಾ? ಕ್ಲೋವ್ ಹಿಚ್, ಅಂದರೆ ಗೂಟಕ್ಕೆ ಎರಡು ಸುತ್ತು ಹಾಕಿ ತುದಿಯನ್ನು ಎರಡನೇ ಸುತ್ತಿನ ಕೆಳಗೆ ಸಿಕ್ಕಿಸುವ ಗಂಟು. ಬೇಗ ಹಾಕಬಹುದು, ನೋಡಲು ಚಂದ, ಫೋಟೋದಲ್ಲಿ ಚೆನ್ನಾಗಿ ಬರುತ್ತದೆ, ಅದಕ್ಕೇ ಇರಬೇಕು. ದೋಣಿಯ ಪಕ್ಕಕ್ಕೆ ಫೆಂಡರ್ (ಜೆಟ್ಟಿಗೆ ಉಜ್ಜದಂತೆ ತಡೆಯುವ ದಿಂಬು) ನೇತುಹಾಕಲು, ಅಥವಾ ಒಬ್ಬರು ಪಕ್ಕದಲ್ಲೇ ನಿಂತಿರುವಾಗ ಒಂದೈದು ನಿಮಿಷ ನಿಲ್ಲಿಸಲು ಸರಿ. ಆದರೆ ಅದೊಂದನ್ನೇ ನಂಬಿ ದೋಣಿ ಬಿಟ್ಟು ಹೋಗಬೇಡಿ. ದೋಣಿ ಒಂದು ಸಲ ಈ ಕಡೆ ಒಂದು ಸಲ ಆ ಕಡೆ ತೂಗಾಡುತ್ತಿದ್ದರೆ ಗಂಟು ಗೂಟದ ಮೇಲೆ ಸ್ವಲ್ಪ ಸ್ವಲ್ಪವೇ ಹೊರಳುತ್ತಾ ಸಡಿಲ ಆಗುತ್ತದೆ. ಚೌಕದ ಕಂಬದ ಮೇಲಂತೂ ಹಿಡಿತ ಇನ್ನೂ ಕಡಿಮೆ. ಹಾಕಲೇಬೇಕಾದರೆ ಮೇಲೆ ಎರಡು ಹಾಫ್ ಹಿಚ್ ಸೇರಿಸಿ.

ರೀಫ್ ನಾಟ್ ಕಾರ್ಡಿನ ಬಗ್ಗೆ ನನ್ನ ತಕರಾರು ದೊಡ್ಡದಿದೆ. ಎರಡು ಹಗ್ಗ ಸೇರಿಸಲು ಇದನ್ನು ಬಳಸಿ ಅಂತ ಬರೆದಿದ್ದಾರೆ. ಬಳಸಬೇಡಿ. ಇದು ಹಾಯಿಯನ್ನು ಮಡಚಿ ಕಟ್ಟಲು ಇದ್ದ ಗಂಟು, ಅಲ್ಲಿ ಇದರ ಗುಣವೇ ಒಂದು ತುದಿ ಹಿಡಿದು ಜೋರಾಗಿ ಎಳೆದರೆ ಮಗುಚಿ ಬಿಚ್ಚಿಕೊಳ್ಳುವುದು. ಹಾಯಿಗೆ ಅನುಕೂಲವಾದ ಅದೇ ಗುಣ ದೋಣಿ ಕಟ್ಟಿದ ಹಗ್ಗದ ನಡುವೆ ಇದ್ದರೆ ದೋಣಿ ಹೋದ ಹಾಗೇ. ಎರಡು ಹಗ್ಗ ಸೇರಿಸಲು ಶೀಟ್ ಬೆಂಡ್ ಇದೆ, ದಪ್ಪ ಬೇರೆಬೇರೆ ಇದ್ದರೂ ಹಿಡಿಯುತ್ತದೆ. ದಪ್ಪ ಹಗ್ಗವನ್ನು ಮಡಚಬೇಕು, ತೆಳು ಹಗ್ಗ ಅದರ ಸುತ್ತ ಹೋಗಬೇಕು. ದಪ್ಪದಲ್ಲಿ ತುಂಬಾ ವ್ಯತ್ಯಾಸ ಇದ್ದರೆ ತೆಳು ಹಗ್ಗವನ್ನು ಇನ್ನೊಂದು ಸುತ್ತು ತನ್ನಿ. ಈ ಕಾರ್ಡ್ ಕಿಟ್‌ನಲ್ಲಿದೆ, ಚೆನ್ನಾಗಿಯೂ ಇದೆ. ಹಾಗಿದ್ದಮೇಲೆ ರೀಫ್ ನಾಟ್ ಯಾಕೆ ಬೇಕಿತ್ತೋ!

ಲಂಗರಿನ ಬಳೆಗೆ ಹಾಕುವ ಆಂಕರ್ ಬೆಂಡ್, ಹಗ್ಗ ರಂಧ್ರದಿಂದ ಜಾರಿ ಹೋಗದಂತೆ ತುದಿಗೆ ಹಾಕುವ ಫಿಗರ್ ಎಯ್ಟ್, ಎರಡೂ ಇವೆ. ತಪ್ಪೇನಿಲ್ಲ.

ಈಗ ಹಗ್ಗದ ವಿಷಯ. ಕಿಟ್‌ನಲ್ಲಿ ಕೊಟ್ಟಿರುವ ಎರಡೂ ಹಗ್ಗ 6 ಮಿಲಿಮೀಟರ್‌ನವು, ಮೆತ್ತಗೆ, ಹೊಸದು. ಎರಡು ಬಣ್ಣ ಇರುವುದು ನಿಜಕ್ಕೂ ಉಪಯೋಗ, ಶೀಟ್ ಬೆಂಡ್‌ನಲ್ಲಿ ಯಾವುದು ಎಲ್ಲಿಗೆ ಹೋಯಿತು ಅಂತ ಕಣ್ಣಿಗೆ ಕಾಣುತ್ತದೆ. ಆದರೆ ಸಣ್ಣ ದೋಣಿ ಕಟ್ಟಲು ಸಾಮಾನ್ಯವಾಗಿ 10 ಅಥವಾ 12 ಮಿಲಿಮೀಟರ್ ಹಗ್ಗ ಬಳಸುತ್ತಾರೆ. ಅದು ಬಿಸಿಲು, ಉಪ್ಪು ತಿಂದು ಬಿರುಸಾಗಿರುತ್ತದೆ. ಕಿಟ್ ಹಗ್ಗದಲ್ಲಿ ಮುದ್ದಾಗಿ ಕೂರುವ ಬೋಲಿನ್ ಆ ಹಗ್ಗದಲ್ಲಿ ಬಾಯಿ ಬಿಟ್ಟುಕೊಂಡು ನಿಲ್ಲುತ್ತದೆ, ಪ್ರತಿ ಎಳೆಯನ್ನೂ ಕೈಯಲ್ಲಿ ಎಳೆದು ಕೂರಿಸಬೇಕಾಗುತ್ತದೆ. ಹಾಗಾಗಿ ಕೈಗೆ ದಾರಿ ಗೊತ್ತಾದ ಮೇಲೆ ಈ ಹಗ್ಗ ಪಕ್ಕಕ್ಕಿಟ್ಟು, ದೋಣಿಯ ಹಗ್ಗವನ್ನೇ ಒಂದು ಮೀಟರ್ ನೆನೆಸಿಕೊಂಡು ಅಭ್ಯಾಸ ಮಾಡಿ.

ಯಾವ ಹಗ್ಗ ಕೊಳ್ಳಬೇಕು ಅಂತ ಒಂದು ಸಾಲೂ ಇಲ್ಲದಿರುವುದು ಇನ್ನೊಂದು ಕೊರತೆ. ಗಂಟು ನಿಲ್ಲುತ್ತದೋ ಇಲ್ಲವೋ ಅನ್ನುವುದು ಅರ್ಧ ಹಗ್ಗದ ಮೇಲೇ ಇದೆ ಅಲ್ವಾ. ನೈಲಾನ್ ಹಿಗ್ಗುತ್ತದೆ, ಅಲೆ ಬಂದಾಗ ಜರ್ಕ್ ಹೊಡೆಯದೆ ತಡೆದುಕೊಳ್ಳುತ್ತದೆ, ಅದಕ್ಕೇ ದೋಣಿ ಕಟ್ಟಲೂ ಲಂಗರಿಗೂ ಅದು ಒಳ್ಳೆಯದು. ಪಾಲಿಯೆಸ್ಟರ್ ಅಷ್ಟು ಹಿಗ್ಗುವುದಿಲ್ಲ, ಬಾಳಿಕೆ ಚೆನ್ನಾಗಿದೆ. ಪಾಲಿಪ್ರೊಪಿಲೀನ್ ಅಗ್ಗ, ನೀರಲ್ಲಿ ತೇಲುತ್ತದೆ, ಆದರೆ ಜಾರುತ್ತದೆ, ಬಿಸಿಲಿಗೆ ಬೇಗ ಹಾಳಾಗುತ್ತದೆ. ಕೈಯಲ್ಲಿ ಹಿಡಿದರೆ ನಾರು ಚುಚ್ಚುತ್ತಿದೆ, ಪುಡಿ ಉದುರುತ್ತಿದೆ ಅಂದರೆ ಅದಕ್ಕೆ ಯಾವ ಗಂಟು ಹಾಕಿಯೂ ಪ್ರಯೋಜನ ಇಲ್ಲ. ಡೈನೀಮಾ ಅನ್ನುವ ಸಿಂಥೆಟಿಕ್ ನಾರಿನ ಥರದ ಹಗ್ಗ ತುಂಬಾ ಗಟ್ಟಿ, ಆದರೆ ಅಷ್ಟೇ ನುಣುಪು, ಸಾಮಾನ್ಯ ಗಂಟುಗಳು ಅದರಲ್ಲಿ ಜಾರಿಬಿಡುತ್ತವೆ. ಇನ್ನು ಎಂಥ ಹಗ್ಗವೇ ಆಗಲಿ, ಗಂಟು ಹಾಕಿದ ಕಡೆ ಅದರ ಶಕ್ತಿ ಕಡಿಮೆ ಆಗುತ್ತದೆ. ಹಾಗಾಗಿ ಇಷ್ಟು ಭಾರ ತಡೆಯುತ್ತದೆ ಅಂತ ಪ್ಯಾಕೆಟ್ ಮೇಲೆ ಬರೆದಿದ್ದನ್ನು ಹಾಗೇ ನಂಬಬೇಡಿ.

ವೀಡಿಯೊಗಳ ಬಗ್ಗೆ ಒಂದೇ ಮಾತು. ಕಲಿಸುವವರು ಕ್ಯಾಮೆರಾಗೆ ಎದುರು ಕೂತು ಕಟ್ಟುತ್ತಾರೆ. ಅವರ ಬಲಗೈ ನಮಗೆ ಎಡಕ್ಕೆ ಕಾಣುತ್ತದೆ, ನೋಡಿಕೊಂಡು ಮಾಡಿದರೆ ಬೋಲಿನ್ ಕುಣಿಕೆ ಉಲ್ಟಾ ತಿರುಚುವ ಸಂಭವವೇ ಜಾಸ್ತಿ. ಹೆಗಲ ಹಿಂದಿನಿಂದ ತೆಗೆದ ವೀಡಿಯೊಗಳು ಬೇರೆ ಕಡೆ ಬೇಕಾದಷ್ಟು ಉಚಿತವಾಗಿ ಸಿಗುತ್ತವೆ, ಅವನ್ನು ನೋಡಿ.

ಕೊನೆಯ ಕಾರ್ಡಿನಲ್ಲಿ ದೋಣಿಯನ್ನು ಮುಂದೊಂದು ಹಿಂದೊಂದು ಹಗ್ಗದಿಂದ ಜೆಟ್ಟಿಗೆ ಕಟ್ಟಿದ ಚಿತ್ರ ಇದೆ. ಅಷ್ಟೇ ಸಾಲದು. ಎರಡೇ ಹಗ್ಗ ಇದ್ದರೆ ದೋಣಿ ಜೆಟ್ಟಿಯ ಗುಂಟ ಹಿಂದೆ ಮುಂದೆ ಜಾರುತ್ತಲೇ ಇರುತ್ತದೆ. ಅದನ್ನು ತಡೆಯಲು ಓರೆಯಾಗಿ ಸ್ಪ್ರಿಂಗ್ ಲೈನ್ ಹಾಕುತ್ತಾರೆ, ಮುಂಭಾಗದಿಂದ ಹಿಂದಕ್ಕೆ ಒಂದು, ಹಿಂಭಾಗದಿಂದ ಮುಂದಕ್ಕೆ ಒಂದು. ಉಬ್ಬರ ಇಳಿತ ಇರುವ ಕಡೆ ಕದಲದ ಜೆಟ್ಟಿಗೆ ಕಟ್ಟುವಾಗ ಹಗ್ಗ ಉದ್ದ ಬಿಡದಿದ್ದರೆ ನೀರು ಇಳಿದಾಗ ದೋಣಿ ಹಗ್ಗಕ್ಕೆ ನೇತಾಡುತ್ತದೆ. ಆಗ ಗಂಟು ಗಟ್ಟಿಯಾಗಿದ್ದಷ್ಟೂ ಅಪಾಯ.

ಯಾರು ತಗೋಬಹುದು? ಮಕ್ಕಳಿಗೆ ಕಲಿಸುವವರು ಧಾರಾಳವಾಗಿ ತಗೊಳ್ಳಿ, ಹಲಗೆ ಗಟ್ಟಿಯಾಗಿದೆ, ಸ್ಕ್ರೂ ಅಲ್ಲಾಡಿಲ್ಲ, ಕಾರ್ಡು ನೆನೆದರೂ ಬಣ್ಣ ಬಿಟ್ಟಿಲ್ಲ. ಈಗಾಗಲೇ ದೋಣಿ, ಹಗ್ಗ ಎಲ್ಲ ಇರುವವರು ಒಂದು ಕ್ಲೀಟ್ ಮಾತ್ರ ತಂದು ಯಾವುದಾದರೂ ಹಲಗೆಗೆ ಸ್ಕ್ರೂ ಹಾಕಿಕೊಂಡರೆ ಕಿಟ್‌ನ ಮುಕ್ಕಾಲು ಪಾಲು ಬಂದ ಹಾಗೆ. ಐದಕ್ಕೆ ಮೂರು ಸ್ಟಾರ್ ಕೊಡುತ್ತೇನೆ. ರೀಫ್ ನಾಟ್ ಕಾರ್ಡ್ ತೆಗೆದು ಅಲ್ಲಿ ಬೋಲಿನ್ ಬಿಚ್ಚುವ ಚಿತ್ರ ಹಾಕಿದರೆ ನಾಲ್ಕು.