ಟಿಬೆಟನ್ ಮಾಸ್ಟಿಫ್ ಮರಿಗೆ ಮುಂಗಡ ಕೊಡುವ ಮುನ್ನ ಇದನ್ನು ಓದಿ

ಟಿಬೆಟನ್ ಮಾಸ್ಟಿಫ್ ತಳಿಯ ಮರಿಯನ್ನು ಹುಡುಕುತ್ತಿರುವವರು ಮುಂಗಡ ಹಣ ಕೊಡುವ ಮೊದಲು ಈ ಬರಹವನ್ನು ಪೂರ್ತಿ ಓದಬೇಕೆಂದು ಕೇಳಿಕೊಳ್ಳುತ್ತೇನೆ. ಒಂಬತ್ತು ವಾರ ತುಂಬಿದ, ಲಸಿಕೆ ಹಾಕಿಸಿದ, ಶುದ್ಧ ತಳಿಯ ಮರಿ ಎಂದು ಹೇಳಿ ನಮಗೆ ಕೊಟ್ಟದ್ದು, ಇನ್ನೂ ತಾಯಿಯ ಹಾಲು ಬಿಡದ, ಕಣ್ಣಿನ ರೆಪ್ಪೆ ಒಳಕ್ಕೆ ಮಡಚಿಕೊಂಡಿದ್ದ ಒಂದು ಹೆಣ್ಣುಮರಿಯನ್ನು. ಸೊಂಟದ ಕೀಲಿನ ದೋಷ ಗೊತ್ತಾದದ್ದು ಅದು ಬೆಳೆದ ಮೇಲೆ. ಅವಳು ಇಂದಿಗೂ ನಮ್ಮ ಮನೆಯ ಪ್ರೀತಿಯ ನಾಯಿ. ಆದರೆ ಅವಳ ನೋವಿಗೆ ಕಾರಣನಾದ ಮಾರಾಟಗಾರ ಈಗಲೂ ಹೊಸ ಮರಿಗಳ ಚಿತ್ರಗಳನ್ನು ಹಂಚುತ್ತಲೇ ಇದ್ದಾನೆ.

ಮರಿಯನ್ನು ತಂದ ಮರುದಿನವೇ ಪಶುವೈದ್ಯರಲ್ಲಿಗೆ ಕರೆದೊಯ್ದೆವು. ಅವರು ಮೊದಲು ಮಾಡಿದ ಕೆಲಸವೆಂದರೆ ತುಟಿಯನ್ನು ಮೆಲ್ಲಗೆ ಸರಿಸಿ ಹಲ್ಲು ನೋಡಿದ್ದು. ಎಂಟು ವಾರ ತುಂಬುವ ಹೊತ್ತಿಗೆ ನಾಯಿಮರಿಗೆ ಸಾಮಾನ್ಯವಾಗಿ 28 ಹಾಲುಹಲ್ಲುಗಳೂ ಬಂದಿರುತ್ತವೆ. ನಮ್ಮ ಮರಿಗೆ ಕೋರೆಹಲ್ಲುಗಳಷ್ಟೇ ಹೊರಬಂದಿದ್ದು, ಅವುಗಳ ಹಿಂದೆ ಒಸಡು ಆಗಷ್ಟೇ ಬೆಳ್ಳಗೆ ಉಬ್ಬಿತ್ತು. ವಯಸ್ಸು ಹೆಚ್ಚೆಂದರೆ ಐದು ವಾರ ಎಂದರು. ಲಸಿಕೆಯ ಚೀಟಿಯಲ್ಲಿ ದಿನಾಂಕಗಳಿದ್ದವೇ ಹೊರತು ಔಷಧಿ ಬಾಟಲಿಯ ಲೇಬಲ್ ಆಗಲಿ, ಹಾಕಿದ ವೈದ್ಯರ ನೋಂದಣಿ ಸಂಖ್ಯೆಯಾಗಲಿ ಇರಲಿಲ್ಲ. ಜಾಲರಿಯ ಹಿಂದೆ ನಿಲ್ಲಿಸಿ 'ಇದೇ ತಾಯಿ' ಎಂದು ತೋರಿಸಿದ್ದ ನಾಯಿಯ ಚಿತ್ರಗಳನ್ನು ವೈದ್ಯರು ದೊಡ್ಡದು ಮಾಡಿ ನೋಡಿ, ಅದರ ಮೊಲೆಗಳಲ್ಲಿ ಇತ್ತೀಚೆಗೆ ಹಾಲೂಡಿಸಿದ ಯಾವ ಗುರುತೂ ಕಾಣುವುದಿಲ್ಲ ಎಂದು ಹೇಳಿದಾಗ ನಮಗೆ ಆದ ಸಂಕಟವನ್ನು ವಿವರಿಸಲಾರೆ.

ನಾಲ್ಕು ವಾರ ಮುಂಚಿತವಾಗಿ ಮರಿಯನ್ನು ಬೇರ್ಪಡಿಸಿದರೆ ಏನಾಗುತ್ತದೆ ಎಂದು ಕೆಲವರು ಕೇಳಬಹುದು. ಎಷ್ಟು ಜೋರಾಗಿ ಕಚ್ಚಿದರೆ ಎದುರಿನವರಿಗೆ ನೋವಾಗುತ್ತದೆ ಎಂಬುದನ್ನು ಮರಿ ತನ್ನ ತಾಯಿ ಮತ್ತು ಒಡಹುಟ್ಟಿದವರ ನಡುವೆ ಕಲಿಯುವುದು ಆ ವಾರಗಳಲ್ಲೇ. ಬೆಳೆದ ಮೇಲೆ 50 ಕಿಲೋ ದಾಟಬಲ್ಲ ಕಾವಲುನಾಯಿಗೆ ಆ ಪಾಠ ತಪ್ಪುವುದು ಸಣ್ಣ ವಿಷಯವಲ್ಲ. ಇದಕ್ಕಿಂತ ಗಂಭೀರವಾದ ಇನ್ನೊಂದು ಸಂಗತಿಯಿದೆ. ಈ ತಳಿಯಲ್ಲಿ ಅಪರೂಪಕ್ಕೆ ಕಾಣಿಸುವ ಆನುವಂಶಿಕ ನರರೋಗವೊಂದು ಮರಿಗೆ ಏಳರಿಂದ ಹತ್ತು ವಾರವಾದಾಗ ಹಿಂಗಾಲುಗಳ ನಿಶ್ಶಕ್ತಿಯಾಗಿ ಶುರುವಾಗಿ, ಕ್ರಮೇಣ ಮರಿ ಎದ್ದು ನಿಲ್ಲಲಾರದ ಸ್ಥಿತಿಗೆ ಬರುತ್ತದೆ. ಐದು ವಾರಕ್ಕೇ ಮಾರಿಬಿಟ್ಟರೆ ಆ ರೋಗ ಬಯಲಾಗುವುದು ಕೊಂಡವರ ಮನೆಯಲ್ಲಿ. ನಮ್ಮ ಮರಿಗೆ ಆ ರೋಗವಿರಲಿಲ್ಲ ಎಂಬುದು ನಮ್ಮ ಭಾಗ್ಯ, ಮಾರಾಟಗಾರನ ಕಾಳಜಿಯಲ್ಲ.

ಈ ತಳಿಯನ್ನು ಬಲ್ಲವರು ತಕ್ಷಣ ಗಮನಿಸುವ ಇನ್ನೊಂದು ಅಂಶ ಮರಿಗಳು ಹುಟ್ಟುವ ಕಾಲ. ಬಹುತೇಕ ತಳಿಗಳ ಹೆಣ್ಣುನಾಯಿಗಳು ವರ್ಷಕ್ಕೆ ಎರಡು ಬಾರಿ ಬೆದೆಗೆ ಬಂದರೆ, ಟಿಬೆಟನ್ ಮಾಸ್ಟಿಫ್ ಸಾಮಾನ್ಯವಾಗಿ ಒಂದೇ ಬಾರಿ, ಅದೂ ಹೆಚ್ಚಾಗಿ ಶರತ್ಕಾಲದಲ್ಲಿ ಬರುತ್ತದೆ. ಗರ್ಭಕಾಲ ಸುಮಾರು 63 ದಿನಗಳಾದ್ದರಿಂದ ಮರಿಗಳು ಹುಟ್ಟುವುದು ಚಳಿಗಾಲದಲ್ಲಿ. ಪ್ರತಿ ತಿಂಗಳೂ 'ಮರಿಗಳು ಲಭ್ಯ' ಎನ್ನುವ ಮಾರಾಟಗಾರ ಎಲ್ಲಿಂದಲೋ ಮರಿಗಳನ್ನು ತರಿಸುತ್ತಿರಬೇಕು, ಇಲ್ಲವೇ ಮಿಶ್ರತಳಿಯನ್ನು ಶುದ್ಧವೆಂದು ಮಾರುತ್ತಿರಬೇಕು. ನಮ್ಮ ಮಾರಾಟಗಾರನ ಬಳಿ ವರ್ಷವಿಡೀ ಮರಿಗಳಿರುತ್ತಿದ್ದವು.

ಇಂಥ ವ್ಯಾಪಾರ ಹುಟ್ಟಿಕೊಂಡದ್ದಕ್ಕೂ ಒಂದು ಹಿನ್ನೆಲೆಯಿದೆ. ಟಿಬೆಟ್ ಪ್ರಸ್ಥಭೂಮಿಯಲ್ಲಿ ಅಲೆಮಾರಿ ಪಶುಪಾಲಕರ ಡೇರೆಗಳನ್ನೂ ಯಾಕ್ ಮತ್ತು ಕುರಿಮಂದೆಗಳನ್ನೂ ಬೌದ್ಧ ಮಠಗಳನ್ನೂ ತೋಳಗಳಿಂದ, ಅಪರಿಚಿತರಿಂದ ಕಾಯುತ್ತಿದ್ದ ನಾಯಿ ಇದು. ಅಷ್ಟು ಎತ್ತರದಲ್ಲಿ, ಆಮ್ಲಜನಕ ಕಡಿಮೆಯಿರುವ ಗಾಳಿಯಲ್ಲಿ ಬದುಕಲು ನೆರವಾಗುವ ಜೀನ್ ರೂಪವೊಂದು ಆ ಭಾಗದ ತೋಳಗಳೊಡನೆ ನಡೆದ ಕೂಡುವಿಕೆಯಿಂದ ಇವುಗಳಿಗೆ ಬಂದಿದೆ ಎಂದು ವಂಶವಾಹಿ ಸಂಶೋಧನೆ ತೋರಿಸಿದೆ. 1847ರಲ್ಲಿ ಗವರ್ನರ್ ಜನರಲ್ ಹಾರ್ಡಿಂಜ್ ಇಂಥದೊಂದು ನಾಯಿಯನ್ನು ವಿಕ್ಟೋರಿಯಾ ರಾಣಿಗೆ ಕಳುಹಿಸಿದ್ದ. ಆದರೆ ಹಣದ ಹುಚ್ಚು ಹಿಡಿದದ್ದು ತೀರಾ ಈಚೆಗೆ, ಚೀನಾದಲ್ಲಿ ಇದು ಶ್ರೀಮಂತಿಕೆಯ ಗುರುತಾದಾಗ. 2014ರಲ್ಲಿ ಅಲ್ಲಿ ಒಂದು ಮರಿ 1 ಕೋಟಿ 20 ಲಕ್ಷ ಯುವಾನ್‌ಗೆ ಮಾರಾಟವಾಯಿತೆಂದು ಪತ್ರಿಕೆಗಳು ವರದಿ ಮಾಡಿದವು. ಬೆಲೆ ಕುಸಿದ ಮೇಲೆ ಸಾಕಣೆದಾರರು ನಾಯಿಗಳನ್ನು ಬೀದಿಗೆ ಬಿಟ್ಟರು. ಪ್ರಸ್ಥಭೂಮಿಯ ಮಠಗಳ ಸುತ್ತ ಅವು ಹಸಿದು ಹಿಂಡುಗಟ್ಟಿ ಅಲೆಯುವಂತಾಯಿತು. ಅತಿಯಾದ ಕೇಸರ, ದಪ್ಪ ತಲೆ, ಜೋಲುವ ಮುಖಚರ್ಮ ಇವನ್ನೇ ಹೆಗ್ಗಳಿಕೆಯೆಂದು ಮಾರುವವರು ಇಂದಿಗೂ ಆ ಹುಚ್ಚಿನ ಮೇಲೆಯೇ ಬದುಕುತ್ತಿದ್ದಾರೆ.

ಆ ಜೋಲುಚರ್ಮದ ಬೆಲೆಯನ್ನು ತೆತ್ತದ್ದು ನಮ್ಮ ಮರಿಯ ಕಣ್ಣುಗಳು. ಎರಡೂ ಕಣ್ಣುಗಳಿಂದ ಸದಾ ನೀರು ಸೋರುತ್ತಿತ್ತು, ಕೆನ್ನೆಯ ಕೂದಲು ಒದ್ದೆಯಾಗಿ ಅಂಟಿಕೊಂಡಿರುತ್ತಿತ್ತು, ಬೆಳಕಿಗೆ ಬಂದರೆ ಕಣ್ಣು ಕಿರಿದು ಮಾಡುತ್ತಿತ್ತು. 'ಈ ತಳಿಯಲ್ಲಿ ಅದು ಸಹಜ' ಎಂದು ಮಾರಾಟಗಾರ ಹೇಳಿದ್ದ. ವಾಸ್ತವದಲ್ಲಿ ಅದು ಎಂಟ್ರೋಪಿಯನ್: ಕೆಳರೆಪ್ಪೆ ಒಳಕ್ಕೆ ಮಡಚಿಕೊಂಡು, ಅದರ ಕೂದಲು ಪ್ರತಿ ಬಾರಿ ಕಣ್ಣು ಮಿಟುಕಿಸಿದಾಗಲೂ ಪಾರದರ್ಶಕ ಪಟಲವನ್ನು ಉಜ್ಜುತ್ತಿತ್ತು. ವೈದ್ಯರು ಮೊದಲು ತಾತ್ಕಾಲಿಕ ಹೊಲಿಗೆ ಹಾಕಿ ರೆಪ್ಪೆಯನ್ನು ಹೊರಕ್ಕೆ ಎಳೆದು ನಿಲ್ಲಿಸಿದರು, ಬೆಳೆದ ಮೇಲೆ ಶಸ್ತ್ರಚಿಕಿತ್ಸೆ ಮಾಡಿದರು.

ಮೂಳೆ ದಪ್ಪವಾಗಲೆಂದು ದಿನವೂ ಕ್ಯಾಲ್ಸಿಯಂ ಪುಡಿ ಕೊಡಬೇಕೆಂದೂ ಮಾರಾಟಗಾರ ಬರೆದುಕೊಟ್ಟಿದ್ದ. ವೈದ್ಯರು ಅದನ್ನು ಮೊದಲ ದಿನವೇ ನಿಲ್ಲಿಸಿದರು, ಏಕೆಂದರೆ ಬೃಹತ್ ತಳಿಗಳ ಮರಿಗಳಿಗೆ ಸಮತೋಲನದ ಆಹಾರದ ಮೇಲೆ ಹೆಚ್ಚುವರಿ ಕ್ಯಾಲ್ಸಿಯಂ ಕೊಟ್ಟರೆ ಮೂಳೆಗಳ ಬೆಳವಣಿಗೆಯೇ ಕೆಡುತ್ತದೆ. ಮುಂದೆ ಅವಳು ಓಡುವಾಗ ಎರಡೂ ಹಿಂಗಾಲುಗಳನ್ನು ಒಟ್ಟಿಗೆ ಎತ್ತಿ ಮೊಲದಂತೆ ಕುಪ್ಪಳಿಸತೊಡಗಿದಳು. ಎಕ್ಸ್-ರೇಯಲ್ಲಿ ತೊಡೆಮೂಳೆಯ ಗುಂಡು ಸೊಂಟದ ಕುಳಿಯಲ್ಲಿ ಅರ್ಧದಷ್ಟೂ ಕೂತಿರಲಿಲ್ಲ. ಇದೇ ಹಿಪ್ ಡಿಸ್ಪ್ಲೇಷಿಯಾ. ಇದರಲ್ಲಿ ಆನುವಂಶಿಕತೆಯ ಪಾತ್ರ ದೊಡ್ಡದು. ಎರಡು ವರ್ಷ ತುಂಬಿದ ಮೇಲೆ ತಂದೆ ತಾಯಿ ಇಬ್ಬರ ಸೊಂಟದ ಎಕ್ಸ್-ರೇ ತೆಗೆಸಿ, ಸರಿಯಿದ್ದರೆ ಮಾತ್ರ ಮರಿ ಮಾಡಿಸುವುದು ಜವಾಬ್ದಾರಿಯುತ ಸಾಕಣೆದಾರರ ಪದ್ಧತಿ. ವರದಿಯನ್ನು ಕಳುಹಿಸಿದಾಗ ಮಾರಾಟಗಾರ ಕೊಟ್ಟ ಉತ್ತರ, 'ಇದನ್ನು ವಾಪಸು ಕಳುಹಿಸಿ, ಬೇರೆ ಮರಿ ಕೊಡುತ್ತೇನೆ' ಎಂದು. ವಾಪಸಾದ ಮರಿಯನ್ನು ಏನು ಮಾಡುತ್ತೀರಿ ಎಂದು ಕೇಳಿದ ಮೇಲೆ ನಮ್ಮ ಕರೆಗಳನ್ನು ಸ್ವೀಕರಿಸುವುದನ್ನೇ ನಿಲ್ಲಿಸಿದ.

ಆರೋಗ್ಯವಂತ ಮರಿಯೇ ಸಿಕ್ಕರೂ ಈ ತಳಿ ಎಲ್ಲರಿಗೂ ಹೊಂದುವುದಿಲ್ಲ ಎಂಬುದನ್ನು ಮಾರುವವರು ಹೇಳುವುದಿಲ್ಲ. ಹಗಲು ಹೆಚ್ಚಾಗಿ ಮಲಗಿ ರಾತ್ರಿ ಎಚ್ಚರವಿದ್ದು ಗಟ್ಟಿ ದನಿಯಲ್ಲಿ ಬೊಗಳುವುದು ಇದರ ಹುಟ್ಟುಗುಣ. ಮಂದೆಯ ಬಳಿ ಒಂಟಿಯಾಗಿ ನಿಂತು ತಾನೇ ತೀರ್ಮಾನಿಸುತ್ತಿದ್ದ ನಾಯಿ ಇದಾದ್ದರಿಂದ, ಕರೆದ ಕೂಡಲೇ ಓಡಿಬರುತ್ತದೆಂದು ನಿರೀಕ್ಷಿಸಬಾರದು. ಹೆಣ್ಣು ಪ್ರಬುದ್ಧವಾಗಲು ಎರಡು ಮೂರು ವರ್ಷ, ಗಂಡಿಗೆ ಕನಿಷ್ಠ ನಾಲ್ಕು ವರ್ಷ ಬೇಕು. ಎರಡು ಪದರದ ದಟ್ಟ ಕೂದಲಿರುವುದರಿಂದ ಸೆಕೆಯನ್ನು ತಾಳದು. ಹಾಗೆಂದು ಕೂದಲನ್ನು ಬೋಳಿಸಲೂ ಕೂಡದು. ಎತ್ತರದ ವಿಷಯದಲ್ಲೂ ಉತ್ಪ್ರೇಕ್ಷೆಯೇ ಹೆಚ್ಚು. ಅಂತಾರಾಷ್ಟ್ರೀಯ ಕೆನಲ್ ಒಕ್ಕೂಟವಾದ ಎಫ್‌ಸಿಐ ಮಾನದಂಡ ಕೇಳುವುದು ಗಂಡಿಗೆ ಭುಜದ ಬಳಿ ಕನಿಷ್ಠ 66 ಸೆಂಟಿಮೀಟರ್, ಹೆಣ್ಣಿಗೆ 61. ಕತ್ತೆಯಷ್ಟು ದೊಡ್ಡ ನಾಯಿಗಳೆಂದು ಮಾರ್ಕೊ ಪೋಲೋ ಬರೆದದ್ದನ್ನು ತೋರಿಸಿ ಯಾರೂ ಬೆಲೆ ಏರಿಸಲು ಬಿಡಬೇಡಿ.

ಮರಿಯನ್ನು ತಾಯಿಯ ಜೊತೆಯಲ್ಲಿ, ಅದು ಹಾಲು ಕುಡಿಯುತ್ತಿರುವಾಗಲೇ ನೋಡಬೇಕೆಂದು ಕೇಳಿ. ತಂದೆ ತಾಯಿಯ ಸೊಂಟ, ಮೊಣಕೈ, ಕಣ್ಣು ಮತ್ತು ಥೈರಾಯ್ಡ್ ಪರೀಕ್ಷೆಯ ವರದಿಗಳಲ್ಲಿರುವ ಮೈಕ್ರೋಚಿಪ್ ಸಂಖ್ಯೆಯನ್ನು ನಿಮ್ಮ ಎದುರೇ ನಾಯಿಯ ಮೈಮೇಲೆ ಸ್ಕ್ಯಾನ್ ಮಾಡಿಸಿ ತಾಳೆ ನೋಡಿ. ವಂಶಾವಳಿಯ ಪತ್ರ ಹುಟ್ಟನ್ನಷ್ಟೇ ಹೇಳುತ್ತದೆ, ಆರೋಗ್ಯವನ್ನಲ್ಲ. ನಿಮ್ಮ ಆಯ್ಕೆಯ ಪಶುವೈದ್ಯರು ಪರೀಕ್ಷಿಸಿದ ಮೇಲೆಯೇ ಉಳಿದ ಹಣ ಕೊಡುವುದಾಗಿ ಬರವಣಿಗೆಯಲ್ಲಿ ಒಪ್ಪಂದ ಮಾಡಿಕೊಳ್ಳಿ. ಇದಕ್ಕೆ ಒಪ್ಪದವರ ಬಳಿ ಮಾತು ಮುಂದುವರಿಸಬೇಡಿ. ಈಗಾಗಲೇ ಮೋಸಹೋಗಿದ್ದರೆ ಸಂದೇಶಗಳು, ಪಾವತಿಯ ದಾಖಲೆ, ನಕಲಿ ಲಸಿಕೆ ಚೀಟಿ, ವೈದ್ಯರ ಸಹಿಯಿರುವ ವರದಿ ಎಲ್ಲವನ್ನೂ ದಿನಾಂಕದೊಂದಿಗೆ ಜೋಡಿಸಿಟ್ಟುಕೊಳ್ಳಿ. ನಾವು ಇವುಗಳ ಆಧಾರದ ಮೇಲೆಯೇ ದೂರು ಸಲ್ಲಿಸಿದ್ದೇವೆ, ಅದರ ವಿಚಾರಣೆ ಇನ್ನೂ ನಡೆಯುತ್ತಿದೆ.